ಜಮಖಂಡಿಯಿಂದ ಪರೇಲಿಗೆ

ದುಡಿಯಲು ಮುಂಬಯಿಗೆ ಹೋದವರ ಕಥೆ ನಮ್ಮ ಊರುಗಳಿಗೆ ಹೊಸದಲ್ಲ. ಅಲ್ಲಿನ ಬಡವರಿಗಾಗಿಯೇ ದುಡಿದ ವಿಠ್ಠಲ ರಾಮಜಿ ಶಿಂದೆಯವರನ್ನು ಮಾತ್ರ ನಾವು ಮರೆತೇಬಿಟ್ಟಿದ್ದೀವಲ್ಲ, ಅದೇ ನನಗೆ ಬೇಸರ.

1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಇವರು, ಆಕ್ಸ್‌ಫರ್ಡಿನಲ್ಲಿ ಓದಿ 1903ರಲ್ಲಿ ಮರಳಿ ಮುಂಬಯಿ ಪ್ರಾರ್ಥನಾ ಸಮಾಜದ ಪ್ರಚಾರಕರಾದರು. ಗಿರಣಿಗಳು ಎಲ್ಲರ ದುಡಿಮೆಯನ್ನೂ ಬೇಡಿದವು. ಅಸ್ಪೃಶ್ಯರ ಮಕ್ಕಳಿಗೆ ಶಾಲೆಯ ಬಾಗಿಲು ಮಾತ್ರ ಸುಲಭಕ್ಕೆ ತೆರೆಯಲಿಲ್ಲ. 1906ರಲ್ಲಿ ಶಿಂದೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಗಿರಣಿಗಳ ನಡುವೆ ಪರೇಲಿನಲ್ಲೇ ಶಾಲೆ ತೆರೆದರು, ಔಷಧಾಲಯವೂ ಬಂತು. ಹೊನ್ನಾವರದ ನಾರಾಯಣ ಚಂದಾವರ್ಕರರು ಅಧ್ಯಕ್ಷರು. ತಂಗಿ ಜನಾಬಾಯಿ ಜೊತೆಗಾತಿ. ಹುಬ್ಬಳ್ಳಿಯಲ್ಲೂ ಶಾಖೆಯಾಯಿತು.

ಮುಂದೆ ದಲಿತರು ನಾಯಕತ್ವ ತಮಗೇ ಬೇಕೆಂದರು, ಕೇಳಬೇಕಾದ್ದೇ. 1944ರಲ್ಲಿ ಶಿಂದೆ ತೀರಿಕೊಂಡರು. ಕೇರಿಯ ಕೆಲಸ ಕೇರಿಯಲ್ಲೇ ನಿಂತು ಮಾಡಬೇಕೆಂಬುದನ್ನು ಮಾಡಿ ತೋರಿಸಿದವರು ಇವರು ಅಂತೀನಿ ನಾನು.