ಕಥೆಗಾರ ಫ್ರಾನ್ಜ್ ಕಾಫ್ಕಾ

ಜರ್ಮನ್ ಭಾಷೆಯ ಕಥೆಗಾರ ಫ್ರಾನ್ಜ್ ಕಾಫ್ಕಾ 1883ರಲ್ಲಿ ಪ್ರಾಗ್ ನಗರದ ಯಹೂದಿ ವರ್ತಕನೊಬ್ಬನ ಮಗನಾಗಿ ಜನಿಸಿದನು. ನ್ಯಾಯಶಾಸ್ತ್ರದಲ್ಲಿ ಪದವಿ ಪಡೆದು, 1908ರಿಂದ 1922ರವರೆಗೆ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದನು. ಹಗಲು ಯಂತ್ರಗಳಿಗೆ ಸಿಕ್ಕಿ ಗಾಯಗೊಂಡವರ ಕಡತಗಳು, ಇರುಳು ಕಥಾರಚನೆ.

ಆತನ ಕಥೆಗಳಲ್ಲಿ ಭೂತಪ್ರೇತಗಳ ಹಾವಳಿಯಿಲ್ಲ. ಭಯ ಹುಟ್ಟುವುದು ಮನೆಯಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ. 1915ರಲ್ಲಿ ಪ್ರಕಟವಾದ ‘ರೂಪಾಂತರ’ದಲ್ಲಿ ಕುಟುಂಬವನ್ನು ಪೋಷಿಸುತ್ತಿದ್ದ ಮಗನು ಒಂದು ಬೆಳಗ್ಗೆ ಕಣ್ಣು ತೆರೆದಾಗ ಕೀಟವಾಗಿರುತ್ತಾನೆ, ಸಂಪಾದನೆ ನಿಂತ ಮೇಲೆ ಮನೆಯವರ ಮಮತೆಯೂ ಬತ್ತುತ್ತದೆ. ‘ವಿಚಾರಣೆ’ಯ ನಾಯಕನು ತನ್ನ ಅಪರಾಧವೇನೆಂದು ಅರಿಯದೆಯೇ ವಧೆಗೊಳಗಾಗುತ್ತಾನೆ.

ಕ್ಷಯರೋಗದಿಂದ 1924ರ ಜೂನ್ 3ರಂದು, 40ರ ವಯಸ್ಸಿನಲ್ಲಿ, ಕಾಫ್ಕಾ ತೀರಿಕೊಂಡನು. ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡಬೇಕೆಂದು ಮಿತ್ರ ಮ್ಯಾಕ್ಸ್ ಬ್ರಾಡ್‌ನಿಗೆ ಬರೆದಿಟ್ಟಿದ್ದನು. ಬ್ರಾಡ್ ಸುಡಲಿಲ್ಲ, 1925ರಲ್ಲಿ ‘ವಿಚಾರಣೆ’ಯನ್ನೂ ಮರುವರ್ಷ ‘ಕೋಟೆ’ಯನ್ನೂ ಪ್ರಕಟಪಡಿಸಿದನು. ಮಿತ್ರನ ಮಾತನ್ನು ಮೀರಿದ ಆ ಸ್ನೇಹದಿಂದಲೇ ಕಾಫ್ಕಾನ ಕೀರ್ತಿ ಇಂದಿಗೂ ನಿಂತಿದೆ.