ಮಿಡಿ ಗಿಟಾರ್ ತಾನೇ ನುಡಿಯುತ್ತದೆಯೇ? ಪಿಟೀಲಿಗೆ ಮೋಟಾರು ಕಟ್ಟಿದ ಸಿ.ವಿ. ರಾಮನ್ ಕಥೆ

ಕರೆಂಟು ಕೊಟ್ಟರೆ ಸಾಕು, ಕಲಿಯದವರ ಕೈಯಲ್ಲೂ ಮಿಡಿ ಗಿಟಾರ್ ತಾನೇ ನುಡಿಯುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ನಿಜವೇ? ಉತ್ತರಕ್ಕೆ ನೂರು ವರ್ಷ ಹಿಂದೆ ಹೋಗೋಣ. ಬೆಳಕಿನ ಸಂಶೋಧನೆಗೆ ಹೆಸರಾದ ಸಿ.ವಿ. ರಾಮನ್ ಆಗ ತಂತಿವಾದ್ಯಗಳ ಹಿಂದೆ ಬಿದ್ದಿದ್ದರು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಪಿಟೀಲು ನುಡಿಸುತ್ತಿದ್ದರು, ಪತ್ನಿ ಲೋಕಸುಂದರಿ ವೀಣೆ ಬಲ್ಲವರು. 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರದ ಲೆಕ್ಕಪತ್ರದ ಕೆಲಸ ಸಿಕ್ಕಿತು. ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಅವರು ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿರುತ್ತಿದ್ದರು. 1917ರಲ್ಲಿ ಒಳ್ಳೆಯ ಸಂಬಳದ ಆ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು.

1920ರಲ್ಲಿ ಅವರು ಪಿಟೀಲು ನುಡಿಸುವ ಯಂತ್ರದ ಪ್ರಯೋಗಗಳನ್ನು ಪ್ರಕಟಿಸಿದರು. ಅದರಲ್ಲಿ ಕಮಾನು ಇದ್ದಲ್ಲೇ ಇರುತ್ತಿತ್ತು, ಮೋಟಾರಿನ ಬಲದಿಂದ ಪಿಟೀಲೇ ಹಿಂದೆ ಮುಂದೆ ಸರಿಯುತ್ತಿತ್ತು. ಕಮಾನಿನ ವೇಗ ಎಷ್ಟು, ಒತ್ತಡ ಎಷ್ಟು, ಕುದುರೆಯಿಂದ ದೂರ ಎಷ್ಟು ಎಂಬ ಮೂರನ್ನೂ ಅಳೆಯಬಹುದಾಗಿತ್ತು. ಕುದುರೆಗೆ ಹತ್ತಿರವಾದಷ್ಟೂ ಹೆಚ್ಚು ಒತ್ತಬೇಕು ಎಂದು ಪಿಟೀಲುಗಾರರ ಕೈಗೆ ಗೊತ್ತಿದ್ದ ಸಂಗತಿ ಹೀಗೆ ಅಂಕಿಯಾಗಿ ಸಿಕ್ಕಿತು. ಮೋಟಾರು ಬಲ ಕೊಟ್ಟಿತು ಅಷ್ಟೆ. ಹೇಗೆ ನುಡಿಯಬೇಕೆಂದು ನಿರ್ಧರಿಸಿದ್ದು ಮನುಷ್ಯ.

ಮಿಡಿ ಗಿಟಾರ್ ಕಥೆಯೂ ಇದೇ. ಈ ಮಿಡಿ ನಮ್ಮ ಅಪ್ಪೆಮಿಡಿಯಲ್ಲ, ತಂತಿ ಮಿಡಿಯುವ ಮಿಡಿಯೂ ಅಲ್ಲ. ವಾದ್ಯಗಳೂ ಕಂಪ್ಯೂಟರುಗಳೂ ಮಾತಾಡಿಕೊಳ್ಳಲು 1983ರಲ್ಲಿ ಬಂದ ಸಂಕೇತ ಭಾಷೆಯ ಇಂಗ್ಲಿಷ್ ಹೆಸರಿನ ಚುಟುಕು ರೂಪ. ಬ್ಯಾಟರಿಯೋ ಯುಎಸ್‌ಬಿಯ 5 ವೋಲ್ಟೋ ಒಳಗಿನ ಪುಟ್ಟ ಚಿಪ್ಪನ್ನು ನಡೆಸುತ್ತದೆ. ಚಿಪ್ ಕಳಿಸುವುದು ಸದ್ದನ್ನಲ್ಲ, 0ರಿಂದ 127ರವರೆಗಿನ ಅಂಕಿಗಳನ್ನು. ಯಾವ ಸ್ವರ, ಎಷ್ಟು ಜೋರಾಗಿ ಮೀಟಿದಿರಿ ಎಂಬುದೇ ಆ ಅಂಕಿ. ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಬರುವ ಸ್ವರಕ್ಕೆ 40. ಆ ಅಂಕಿಗೆ ಕೊಳಲಿನ ದನಿ ಬರಬೇಕೋ ಸಿತಾರಿನ ದನಿಯೋ ಎಂದು ಹೊಂದಿಸುವುದು ಪ್ರೋಗ್ರಾಮಿಂಗಿನ ಒಂದು ಭಾಗ. ಕೈ ತಪ್ಪಿದರೆ ತಪ್ಪು ಅಂಕಿಯೇ ಹೋಗುತ್ತದೆ.

ದಪ್ಪ ತಂತಿಯ ಸದ್ದು ಕೊಂಚ ತಡವಾಗಿ ಬಂದರೆ ಗಿಟಾರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನಕ್ಕೆ ಸೆಕೆಂಡಿನ ಸಾವಿರದಲ್ಲಿ 12 ಭಾಗ ಬೇಕು. ಕಂಪನ ನೋಡಿ ಸ್ವರ ಗುರುತಿಸುವ ಗಿಟಾರ್ ಅಷ್ಟಾದರೂ ಕಾಯಲೇಬೇಕು.

1921ರಲ್ಲಿ ರಾಮನ್ ತಂಬೂರಿಯನ್ನು ಪರೀಕ್ಷಿಸಿದರು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟುವುದೇ ಇಲ್ಲ ಎಂಬುದು ಯೂರೋಪಿನ ಹಳೆಯ ನಿಯಮ. ಕುದುರೆಯ ಮೇಲೆ ಜೀವಾಳದ ದಾರ ಸರಿಯಾಗಿ ಕೂತಾಗ ಅವೇ ಉಪಸ್ವರಗಳು ಮೊಳಗುತ್ತವೆ ಎಂದು ಅವರು ತೋರಿಸಿದರು. ದೊಡ್ಡವರು ಹೇಳಿದ್ದಾರೆಂದು ಒಪ್ಪಲಿಲ್ಲ, ಮೀಟಿ ಕೇಳಿದರು.

1928ರ ಫೆಬ್ರವರಿ 28ರ ಬೆಳಕಿನ ಶೋಧಕ್ಕೆ 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಮೇಲೆ ಇದೇ ಊರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡ ಅವರ ಅಂತ್ಯಕ್ರಿಯೆ ಅದರ ಆವರಣದಲ್ಲೇ ನಡೆಯಿತು.

ಶಿರವಾಡದಲ್ಲಿರಲಿ, ಅಂಕೋಲೆಯಲ್ಲಿರಲಿ, ಸಾದಾ ಗಿಟಾರ್ ಸಿಕ್ಕರೆ ಒಂದೇ ತಂತಿಯನ್ನು ನಡುವೆ ಒಮ್ಮೆ, ಕುದುರೆಯ ಹತ್ತಿರ ಒಮ್ಮೆ ಮೀಟಿ ನೋಡಿ. ನಡುವಿನ ದನಿ ಮೃದು, ಕುದುರೆ ಪಕ್ಕದ್ದು ಚುರುಕು. ಸ್ವರ ಒಂದೇ, ವ್ಯತ್ಯಾಸ ಕೈಯದ್ದು. ಗಿಟಾರ್ ತಾನೇ ನುಡಿಯುತ್ತದೆ ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಈ ಪರೀಕ್ಷೆ ಮಾಡಿ.