ಇಲ್ಲೂರಿನಿಂದ ರಾಷ್ಟ್ರಪತಿ ಭವನಕ್ಕೆ: ನಮ್ಮ ಜಿಲ್ಲೆಯ ನೀಲಂ ಸಂಜೀವ ರೆಡ್ಡಿ

ನೀವು ರಾಯದುರ್ಗದವರಾದರೆ 1953ರ ಅಕ್ಟೋಬರ್ 1ರ ಮಾತನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಅಂದು ಮದ್ರಾಸ್ ರಾಜ್ಯದಿಂದ ಬೇರೆಯಾಗಿ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಏಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಈ ಮೂರು ಆಂಧ್ರಕ್ಕೆ ಬಂದವು. ಹಿಂದಿನ ದಿನದವರೆಗೆ ಬಳ್ಳಾರಿ ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಿದ್ದವರು ಮರುದಿನದಿಂದ ಅನಂತಪುರಕ್ಕೆ ಹೋಗಬೇಕಾಯಿತು. ಮನೆ, ಹೊಲ, ನೆಂಟಸ್ತನ ಎಲ್ಲವೂ ಇದ್ದಲ್ಲೇ ಇದ್ದವು, ರಾಜ್ಯ ಮಾತ್ರ ಬದಲಾಯಿತು.

ಮಡಕಶಿರಾದ ಕಥೆ ಬೇರೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗಲೇ ಅದು ಇತ್ತ ಬಂದಿತ್ತು. ಪಾವಗಡ, ಶಿರಾ, ಮಧುಗಿರಿಗಳ ಮಗ್ಗುಲಲ್ಲೇ ಇದ್ದರೂ ಮದ್ರಾಸಿನ ಆಡಳಿತದಲ್ಲಿತ್ತು, ಮುಂದೆ ಆಂಧ್ರದ್ದಾಯಿತು. ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಆ ಅಕ್ಟೋಬರ್ 1ರಂದು ಕರ್ನೂಲಿನಲ್ಲಿ ಟಂಗುಟೂರಿ ಪ್ರಕಾಶಂ ಮುಖ್ಯಮಂತ್ರಿಯಾದರು. ಅವರ ಪಕ್ಕದಲ್ಲಿ ಉಪಮುಖ್ಯಮಂತ್ರಿಯಾಗಿ ನಿಂತವರು ನಮ್ಮ ಅನಂತಪುರ ಜಿಲ್ಲೆಯವರೇ ಆದ ನೀಲಂ ಸಂಜೀವ ರೆಡ್ಡಿ. ರಾಯದುರ್ಗದ ಕನ್ನಡಿಗರು ಯಾರ ಸರ್ಕಾರದ ಕೆಳಗೆ ಬಂದರೋ ಆ ಸರ್ಕಾರದ ಎರಡನೇ ಸ್ಥಾನದಲ್ಲಿದ್ದವರು ಇವರು. ಅವರ ಮನೆಮಾತು ತೆಲುಗು, ಅವರು ಕನ್ನಡ ಶಾಲೆಯಲ್ಲಿ ಓದಿದವರಲ್ಲ. ಆದರೂ ನಿಮ್ಮ ಮಗು ಇಂದು ಕೂರುವ ಶಾಲೆಯ ಆಡಳಿತದಲ್ಲಿ ಅವರ ಕಾಲದ ಗುರುತುಗಳಿವೆ. ಆದ್ದರಿಂದ ಅವರ ಬದುಕನ್ನು ಈ ಪುಟದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಸಂಜೀವ ರೆಡ್ಡಿ ಹುಟ್ಟಿದ್ದು 1913ರ ಮೇ 19ರಂದು, ಇಲ್ಲೂರು ಗ್ರಾಮದ ರೈತ ಕುಟುಂಬದಲ್ಲಿ. ಹೈಸ್ಕೂಲು ಓದಿದ್ದು ಮದ್ರಾಸಿನ ಅಡ್ಯಾರಿನಲ್ಲಿದ್ದ ಥಿಯಸಾಫಿಕಲ್ ಶಾಲೆಯಲ್ಲಿ. ಆಮೇಲೆ ಅನಂತಪುರದ ಸರ್ಕಾರಿ ಕಲಾ ಕಾಲೇಜಿಗೆ ಸೇರಿದರು. 1929ರಲ್ಲಿ ಗಾಂಧೀಜಿ ಅನಂತಪುರಕ್ಕೆ ಬಂದು ಹೋದದ್ದು ಹುಡುಗನ ಮನಸ್ಸನ್ನು ತಿರುಗಿಸಿತು. 1931ರಲ್ಲಿ ಓದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು. ಪದವಿ ಕೈಗೆ ಬರಲಿಲ್ಲ.

ಇಲ್ಲಿ ಒಂದು ಮಾತು. ಓದು ಬಿಟ್ಟವರೂ ದೊಡ್ಡವರಾದರಲ್ಲ ಎಂದು ಮನೆಯಲ್ಲಿ ಮಕ್ಕಳು ವಾದ ಹೂಡಬಹುದು. ಅವರು ಓದು ಬಿಟ್ಟದ್ದು ಪಾಠ ತಲೆಗೆ ಹತ್ತದೆ ಅಲ್ಲ, ಕೂಲಿಗೆ ಹೋಗಲೂ ಅಲ್ಲ. ಅದರ ಬೆಲೆಯನ್ನು ಅವರು ಸೆರೆಮನೆಯಲ್ಲಿ ತೆತ್ತರು. 1940ರಿಂದ 1945ರ ನಡುವಿನ ಹೆಚ್ಚು ಕಾಲ ಅವರು ಕಳೆದದ್ದು ಜೈಲಿನಲ್ಲೇ. 1942ರ ಆಗಸ್ಟ್‌ನಲ್ಲಿ ಮತ್ತೆ ಹಿಡಿದು ಅಮರಾವತಿ ಜೈಲಿಗೆ ಕಳಿಸಿದಾಗ ಅಲ್ಲಿ ಪ್ರಕಾಶಂ, ಸತ್ಯಮೂರ್ತಿ, ಕಾಮರಾಜ್, ವಿ.ವಿ. ಗಿರಿ ಇದ್ದರು. ಈ ಹೆಸರುಗಳಲ್ಲಿ ಗಿರಿಯವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1938ರಲ್ಲಿ, 25ನೇ ವಯಸ್ಸಿನಲ್ಲಿ, ಆಂಧ್ರ ಪ್ರಾಂತೀಯ ಕಾಂಗ್ರೆಸ್ ಸಮಿತಿಯ ಕಾರ್ಯದರ್ಶಿಯಾಗಿ ಹತ್ತು ವರ್ಷ ಆ ಕೆಲಸ ಮಾಡಿದರು. 1946ರಲ್ಲಿ ಮದ್ರಾಸ್ ಶಾಸನಸಭೆಗೆ ಆಯ್ಕೆಯಾದರು. ಸಂವಿಧಾನ ರಚನಾ ಸಭೆಯಲ್ಲೂ ಸದಸ್ಯರಾಗಿದ್ದರು. 1949ರ ಏಪ್ರಿಲ್‌ನಲ್ಲಿ ಮದ್ರಾಸ್ ಸರ್ಕಾರದಲ್ಲಿ ಪಾನನಿಷೇಧ, ವಸತಿ ಮತ್ತು ಅರಣ್ಯ ಖಾತೆಗಳ ಸಚಿವರಾದರು. ಸಚಿವ ಸ್ಥಾನದ ಅವರ ನಡಿಗೆ ಶುರುವಾದದ್ದು ಇಲ್ಲಿಂದ. ರಾಜ್ಯದಲ್ಲೂ ಕೇಂದ್ರದಲ್ಲೂ ಸೇರಿಸಿ ಸುಮಾರು 12 ವರ್ಷ ಅವರು ಸಚಿವ, ಉಪಮುಖ್ಯಮಂತ್ರಿ, ಮುಖ್ಯಮಂತ್ರಿ ಆಗಿ ಕೆಲಸ ಮಾಡಿದರು.

ಆ ದಾರಿ ನೇರವಾಗಿ ಮೇಲಕ್ಕೇ ಹೋಯಿತು ಎಂದುಕೊಳ್ಳಬೇಡಿ. 1951ರಲ್ಲಿ ಎನ್.ಜಿ. ರಂಗಾ ಅವರನ್ನು ಸೋಲಿಸಿ ಆಂಧ್ರ ಕಾಂಗ್ರೆಸ್ ಅಧ್ಯಕ್ಷರಾದವರು, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ತಮ್ಮದೇ ಅನಂತಪುರದಲ್ಲಿ ಸೋತರು. ಗೆದ್ದವರು ಕಮ್ಯುನಿಸ್ಟ್ ಪಕ್ಷದ ತರಿಮೆಲ ನಾಗಿ ರೆಡ್ಡಿ, ಸಂಜೀವ ರೆಡ್ಡಿಯವರ ಹೆಂಡತಿ ನಾಗರತ್ನಮ್ಮನವರ ಅಣ್ಣತಮ್ಮಂದಿರಲ್ಲಿ ಒಬ್ಬರು. ಭಾವ ಭಾವಮೈದುನರ ಈ ಜಿದ್ದಿನ ಕಥೆ ಜಿಲ್ಲೆಯಲ್ಲಿ ಬಹುಕಾಲ ಉಳಿಯಿತು. ಸೋತ ಮರುವರ್ಷವೇ ಆಂಧ್ರ ರಾಜ್ಯವಾಗಿ ಅವರು ಉಪಮುಖ್ಯಮಂತ್ರಿಯಾದರು. ಪ್ರಕಾಶಂ ಸರ್ಕಾರ 1954ರ ನವೆಂಬರ್‌ನಲ್ಲಿ ಬಿತ್ತು. 1955ರಲ್ಲಿ ಬೆಜವಾಡ ಗೋಪಾಲ ರೆಡ್ಡಿ ಮುಖ್ಯಮಂತ್ರಿಯಾದಾಗ ಮತ್ತೆ ಉಪಮುಖ್ಯಮಂತ್ರಿಯ ಕುರ್ಚಿ ಇವರಿಗೇ ಬಂತು. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ 1954ರಲ್ಲಿ ಶುರುವಾದದ್ದು ಈ ಅವಧಿಯಲ್ಲೇ. ಪದವಿಯಿಲ್ಲದ ಸಂಜೀವ ರೆಡ್ಡಿಯವರಿಗೆ 1958ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

1956ರ ನವೆಂಬರ್ 1. ನಮ್ಮ ಗಡಿಯ ಆಚೆ ಅದು ವಿಶಾಲ ಮೈಸೂರು ರಾಜ್ಯ ಉದಯವಾದ ದಿನ. ಈಚೆ ತೆಲಂಗಾಣವನ್ನು ಕೂಡಿಸಿಕೊಂಡು ಆಂಧ್ರಪ್ರದೇಶ ಹುಟ್ಟಿದ ದಿನ. ಹೈದರಾಬಾದಿನಲ್ಲಿ ಸಂಜೀವ ರೆಡ್ಡಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದರು, ಆಗ ಅವರಿಗೆ 43 ವರ್ಷ. ಅದೇ ದಿನ ಸಂವಿಧಾನದ 7ನೇ ತಿದ್ದುಪಡಿಯೂ ಜಾರಿಗೆ ಬಂತು. ಅದರಲ್ಲಿ ನಿಮಗೆ ಬೇಕಾದ ಒಂದು ಸಾಲಿದೆ. 350-ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು. 350-ಬಿ ವಿಧಿ ಇದನ್ನು ನೋಡಿಕೊಳ್ಳಲು ರಾಷ್ಟ್ರಮಟ್ಟದಲ್ಲಿ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸಿತು.

ರಾಜ್ಯಗಳನ್ನು ಭಾಷೆಯ ಮೇಲೆ ಕಟ್ಟಿದವರಿಗೆ, ಗೆರೆ ಎಲ್ಲಿ ಎಳೆದರೂ ಆಚೆ ಈಚೆ ಒಂದಷ್ಟು ಮನೆಗಳು ಉಳಿಯುತ್ತವೆ ಎಂಬುದು ಗೊತ್ತಿತ್ತು. ಪಾವಗಡದಲ್ಲಿ ತೆಲುಗು ಮನೆಗಳು, ಮಡಕಶಿರಾದಲ್ಲಿ ಕನ್ನಡ ಮನೆಗಳು. ಆ ಮನೆಗಳ ಮಕ್ಕಳಿಗಾಗಿ ಬರೆದ ವಿಧಿ ಇದು. ಇದನ್ನು ಸಂಜೀವ ರೆಡ್ಡಿಯವರೇ ಬರೆದರು ಎಂದಲ್ಲ, ಅದು ಸಂಸತ್ತಿನ ಕೆಲಸ. ಆದರೆ ಆಂಧ್ರಪ್ರದೇಶದಲ್ಲಿ ಅದನ್ನು ಪಾಲಿಸುವ ಹೊಣೆ ಮೊದಲು ಬಿದ್ದದ್ದು ಅವರ ಸರ್ಕಾರದ ಮೇಲೆ.

ಇದರ ಜೊತೆಗೆ ಒಂದು ಲೆಕ್ಕವೂ ಇತ್ತು. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಸಭೆ ಸೇರಿ ಒಪ್ಪಿಕೊಂಡದ್ದು ಅದು. ಬೇರೆ ಮಾತೃಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40, ಇಲ್ಲವೇ ಒಂದು ತರಗತಿಯಲ್ಲಿ 10 ಜನ ಇದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಮೇಷ್ಟರನ್ನಾದರೂ ಕೊಡಬೇಕು. 1956ರಲ್ಲಿ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆಂದು ಹೊರಡಿಸಿದ ಪತ್ರದಲ್ಲೂ ಈ ಲೆಕ್ಕವೇ ಮುಂದುವರಿಯಿತು. ಕನ್ನಡ ಶಾಲೆಯ ವಿಷಯ ಬಂದಾಗಲೆಲ್ಲ ಅಧಿಕಾರಿಗಳು ಮೊದಲು ಮಕ್ಕಳ ಸಂಖ್ಯೆಯನ್ನೇ ಏಕೆ ಕೇಳುತ್ತಾರೆ ಎಂಬುದಕ್ಕೆ ಬೇರು ಇಲ್ಲಿದೆ.

ಮುಖ್ಯಮಂತ್ರಿಯಾಗಿ ಅವರು ಮಾಡಿದ ಇನ್ನೊಂದು ಕೆಲಸ ನಿಮ್ಮ ಶಾಲೆಯ ಬಾಗಿಲಿಗೇ ಬಂತು. 1959ರಲ್ಲಿ ರಾಜಸ್ಥಾನದ ಬೆನ್ನಿಗೇ ಆಂಧ್ರಪ್ರದೇಶ ಪಂಚಾಯತ್ ರಾಜ್ ವ್ಯವಸ್ಥೆಯನ್ನು ತಂದಿತು. ಆ ಅಕ್ಟೋಬರ್‌ನಲ್ಲಿ ಷಾದ್‌ನಗರದಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಪ್ರಾಥಮಿಕ ಶಾಲೆಗಳು ಪಂಚಾಯತ್ ಸಮಿತಿಗಳ ಕೈಗೆ, ಹೈಸ್ಕೂಲುಗಳು ಜಿಲ್ಲಾ ಪರಿಷತ್ತಿನ ಕೈಗೆ ಹೋದವು. ಎನ್.ಟಿ. ರಾಮರಾವ್ ಕಾಲದಲ್ಲಿ ಸಮಿತಿಗಳು ಹೋಗಿ ಮಂಡಲಗಳು ಬಂದವು. ನಿಮ್ಮ ಊರ ಶಾಲೆಯ ಫಲಕವನ್ನೊಮ್ಮೆ ನೋಡಿ. ಚಿಕ್ಕ ಶಾಲೆಯಾದರೆ ಮಂಡಲ ಪರಿಷತ್ತಿನದೆಂದೂ, ಹೈಸ್ಕೂಲಾದರೆ ಜಿಲ್ಲಾ ಪರಿಷತ್ತಿನದೆಂದೂ ಬರೆದಿರುತ್ತದೆ. ಆ ಬರಹದ ಹುಟ್ಟು 1959ರಲ್ಲಿದೆ. 350-ಎ ವಿಧಿಯಲ್ಲಿ ಸ್ಥಳೀಯ ಸಂಸ್ಥೆ ಎಂಬ ಮಾತಿದೆಯಲ್ಲ, ನಮ್ಮ ಶಾಲೆಗಳ ಮಟ್ಟಿಗೆ ಆ ಸಂಸ್ಥೆಗಳು ಇವೇ. ಕನ್ನಡ ಮೇಷ್ಟರ ಹುದ್ದೆ ಖಾಲಿ ಬಿದ್ದಾಗ ನಿಮ್ಮ ಅರ್ಜಿ ಹೈದರಾಬಾದಿನಿಂದಲೋ ಅಮರಾವತಿಯಿಂದಲೋ ಶುರುವಾಗಬೇಕಿಲ್ಲ, ಮಂಡಲದಿಂದ ಶುರುವಾಗಬೇಕು.

1960ರ ಜನವರಿಯಲ್ಲಿ ಅವರು ಮುಖ್ಯಮಂತ್ರಿ ಸ್ಥಾನ ಬಿಟ್ಟು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಆ ವರ್ಷದ ಅಧಿವೇಶನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರು ಬಿಟ್ಟ ಕುರ್ಚಿಗೆ ಬಂದ ದಾಮೋದರಂ ಸಂಜೀವಯ್ಯ ದೇಶದ ಮೊದಲ ದಲಿತ ಮುಖ್ಯಮಂತ್ರಿ. 1962ರ ಮಾರ್ಚ್‌ನಲ್ಲಿ ಸಂಜೀವ ರೆಡ್ಡಿ ಮತ್ತೆ ಮುಖ್ಯಮಂತ್ರಿಯಾದರು. ಶ್ರೀಶೈಲಂ ಅಣೆಕಟ್ಟೆಗೆ 1963ರಲ್ಲಿ ಅಡಿಗಲ್ಲು ಬಿದ್ದದ್ದು ಈ ಅವಧಿಯಲ್ಲಿ. ಆ ಜಲಾಶಯಕ್ಕೆ ಈಗ ಅವರದೇ ಹೆಸರಿದೆ.

ಎರಡನೇ ಸಲ ಅವರು ಕುರ್ಚಿ ಬಿಟ್ಟ ಬಗೆಯನ್ನು ಮಕ್ಕಳಿಗೆ ಹೇಳುವಂತಿದೆ. ಕರ್ನೂಲು ಜಿಲ್ಲೆಯ ಬಸ್ ಮಾರ್ಗಗಳನ್ನು ಸರ್ಕಾರ ವಹಿಸಿಕೊಂಡ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ತೀರ್ಪಿನಲ್ಲಿ ಸರ್ಕಾರದ ನಡೆಯ ಬಗ್ಗೆ ಕಟುವಾದ ಮಾತುಗಳಿದ್ದವು. ರಾಜೀನಾಮೆ ಕೊಡಿ ಎಂದು ನ್ಯಾಯಾಲಯ ಹೇಳಿರಲಿಲ್ಲ. ಆದರೂ 1964ರ ಫೆಬ್ರವರಿಯಲ್ಲಿ ಅವರು ತಾವಾಗಿಯೇ ಮುಖ್ಯಮಂತ್ರಿ ಸ್ಥಾನ ಬಿಟ್ಟರು.

ನಾಲ್ಕೇ ತಿಂಗಳಲ್ಲಿ ದೆಹಲಿಯಿಂದ ಕರೆ ಬಂತು. 1964ರ ಜೂನ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಸಂಪುಟದಲ್ಲಿ ಉಕ್ಕು ಮತ್ತು ಗಣಿ ಖಾತೆ ವಹಿಸಿಕೊಂಡರು. 1966ರ ಜನವರಿಯಿಂದ 1967ರ ಮಾರ್ಚ್‌ವರೆಗೆ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಸಾರಿಗೆ, ವಿಮಾನಯಾನ, ಹಡಗು, ಪ್ರವಾಸೋದ್ಯಮ ಖಾತೆಗಳನ್ನು ನೋಡಿಕೊಂಡರು. 1967ರಲ್ಲಿ ಮಡಕಶಿರಾದ ನೆರೆಯ ಹಿಂದೂಪುರದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. ಸ್ಪೀಕರ್ ಯಾವ ಪಕ್ಷದವರೂ ಆಗಿರಬಾರದು ಎಂದು ಕಾಂಗ್ರೆಸ್ ಸದಸ್ಯತ್ವವನ್ನೇ ಬಿಟ್ಟರು.

1969ರಲ್ಲಿ ಕಾಂಗ್ರೆಸ್ ಅವರನ್ನು ರಾಷ್ಟ್ರಪತಿ ಹುದ್ದೆಗೆ ಅಭ್ಯರ್ಥಿಯಾಗಿ ನಿಲ್ಲಿಸಿತು. ಅದಕ್ಕಾಗಿ ಸ್ಪೀಕರ್ ಸ್ಥಾನ ಬಿಟ್ಟರು. ಆದರೆ ಪ್ರಧಾನಿ ಇಂದಿರಾ ಗಾಂಧಿಯವರ ಒಲವು ಪಕ್ಷೇತರರಾಗಿ ನಿಂತ ವಿ.ವಿ. ಗಿರಿಯವರ ಕಡೆಗಿತ್ತು. ಅಮರಾವತಿ ಜೈಲಿನ ಅದೇ ಗಿರಿ. ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ ಗಿರಿಯವರಿಗೆ 4,20,077, ಸಂಜೀವ ರೆಡ್ಡಿಯವರಿಗೆ 4,05,427 ಮತಮೌಲ್ಯ ಬಂತು. ಕೆಲವೇ ತಿಂಗಳಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು. ಸ್ಪೀಕರ್ ಸ್ಥಾನವೂ ಇಲ್ಲ, ರಾಷ್ಟ್ರಪತಿ ಸ್ಥಾನವೂ ಇಲ್ಲ. 56 ವರ್ಷದ ಸಂಜೀವ ರೆಡ್ಡಿ ಅನಂತಪುರಕ್ಕೆ ಮರಳಿ ಬೇಸಾಯಕ್ಕೆ ತೊಡಗಿದರು.

1975ರಲ್ಲಿ ಜಯಪ್ರಕಾಶ್ ನಾರಾಯಣ್ ಅವರ ಜೊತೆ ಮತ್ತೆ ಹೊರಬಂದರು. 1977ರ ಚುನಾವಣೆಯಲ್ಲಿ ಆಂಧ್ರಪ್ರದೇಶದ 42 ಲೋಕಸಭಾ ಸ್ಥಾನಗಳಲ್ಲಿ 41 ಕಾಂಗ್ರೆಸ್ಸಿನ ಪಾಲಾದವು. ಉಳಿದ ಒಂದು ನಂದ್ಯಾಲ, ಅಲ್ಲಿ ಗೆದ್ದವರು ಜನತಾ ಪಕ್ಷದ ಸಂಜೀವ ರೆಡ್ಡಿ. ಮತ್ತೆ ಸ್ಪೀಕರ್ ಆದರು. ಅದೇ ಜುಲೈನಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಎಂಟು ವರ್ಷದ ಹಿಂದೆ ಕೈತಪ್ಪಿದ್ದು ಈಗ ಸ್ಪರ್ಧೆಯಿಲ್ಲದೆ ಬಂತು. ತಮ್ಮ ಸಂಬಳದಲ್ಲಿ ಶೇ 70ರಷ್ಟನ್ನು ಬಿಟ್ಟುಕೊಡುವುದಾಗಿ ಘೋಷಿಸಿದರು. ಮೊರಾರ್ಜಿ ದೇಸಾಯಿ, ಚರಣ್ ಸಿಂಗ್, ಇಂದಿರಾ ಗಾಂಧಿ, ಹೀಗೆ ಮೂವರು ಪ್ರಧಾನಿಗಳನ್ನು ಕಂಡು 1982ರ ಜುಲೈನಲ್ಲಿ ನಿವೃತ್ತರಾಗಿ ಅನಂತಪುರಕ್ಕೇ ಬಂದರು. 1996ರ ಜೂನ್ 1ರಂದು ಬೆಂಗಳೂರಿನಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದೂ ಬೆಂಗಳೂರಿನಲ್ಲೇ.

ಇಷ್ಟು ಓದಿದ ಮೇಲೆ ನೀವು ಕೇಳಬಹುದು, ನಮ್ಮದೇ ಜಿಲ್ಲೆಯವರು ಮುಖ್ಯಮಂತ್ರಿ, ಕೇಂದ್ರ ಸಚಿವ, ರಾಷ್ಟ್ರಪತಿ ಎಲ್ಲ ಆದರಲ್ಲ, ಕನ್ನಡ ಶಾಲೆಗೆ ಸಿಕ್ಕಿದ್ದೇನು ಎಂದು. ಸಿಕ್ಕಿದ್ದು ಅವರ ಕಾಲದಲ್ಲಿ ನೆಲೆಗೊಂಡ ಎರಡು ವ್ಯವಸ್ಥೆ. ಮಾತೃಭಾಷೆಯಲ್ಲಿ ಕಲಿಯಲು ಸಂವಿಧಾನದ ಆಸರೆ ಒಂದು, ಊರಿಗೆ ಹತ್ತಿರದ ಶಾಲಾ ಆಡಳಿತ ಇನ್ನೊಂದು. ಎರಡೂ ತಾವಾಗಿಯೇ ಕೆಲಸ ಮಾಡುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿದ್ದರೆ ಮಾತ್ರ ಮಾಡುತ್ತವೆ. ದೊಡ್ಡವರು ಬರುತ್ತಾರೆ, ಸೋಲುತ್ತಾರೆ, ಗೆಲ್ಲುತ್ತಾರೆ, ಹೋಗುತ್ತಾರೆ. ತರಗತಿಯಲ್ಲಿ ಹತ್ತನೆಯ ಮಗು ನಿಮ್ಮದಾಗಿರಬಹುದು.

ಜೂನ್‌ನಲ್ಲಿ ಶಾಲೆ ತೆರೆದಾಗ ದಾಖಲಾತಿ ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಡೆ ಏನು ಬರೆದಿದ್ದಾರೆಂದು ನೀವೇ ಓದಿ ನೋಡಿ. ಅವಸರದಲ್ಲಿ ಬೇರೆ ಭಾಷೆ ಬರೆದಿದ್ದರೆ ಅಲ್ಲೇ ತಿದ್ದಿಸಿ, ಆಮೇಲೆ ಸಹಿ ಹಾಕಿ.